ಕೂಲಿಯ ಜೊತೆ ಬರುವ ಹಕ್ಕು: ಇಎಸ್‌ಐ ಬಗ್ಗೆ ನಾವು ತಿಳಿಯಬೇಕಾದುದು

(ದುಡಿಯುವ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಜುಮಾ ನಮಾಝಿನ ಬಳಿಕ ನಮ್ಮ ಮಸೀದಿಗಳಲ್ಲಿ ಒಂದು ಪ್ರಕಟನೆ ಆಗಾಗ ಕೇಳಿಬರುತ್ತದೆ. ಮೊಹಲ್ಲಾದ ಬಡ ಸಹೋದರನೊಬ್ಬ ಆಸ್ಪತ್ರೆಯಲ್ಲಿದ್ದಾನೆ, ಶಸ್ತ್ರಚಿಕಿತ್ಸೆಗೆ ದೊಡ್ಡ ಮೊತ್ತ ಬೇಕಾಗಿದೆ, ಉದಾರವಾಗಿ ನೆರವಾಗಿರಿ ಎಂಬ ಪ್ರಕಟನೆ ಅದು. ಬಾಗಿಲಲ್ಲಿ ಬಟ್ಟೆ ಹಾಸಲಾಗುತ್ತದೆ. ಜನರು ಕೈಲಾದುದನ್ನು ಹಾಕುತ್ತಾರೆ. ಇದು ಸಮುದಾಯದ ಜೀವಂತಿಕೆಯ ಲಕ್ಷಣ. ಈ ಸತ್ಪರಂಪರೆ ಎಂದಿಗೂ ನಿಲ್ಲಬಾರದು. ಆದರೆ ಆ ಬಟ್ಟೆಯ ಮೇಲೆ ನೋಟು ಹಾಕುವ ಮುನ್ನ ನಾವು ಒಂದು ಪ್ರಶ್ನೆಯನ್ನು ಕೇಳುವ ರೂಢಿ ಇಟ್ಟುಕೊಂಡಿಲ್ಲ. ಈ ಸಹೋದರ ಎಲ್ಲಿ ದುಡಿಯುತ್ತಿದ್ದ? ಅಲ್ಲಿ ಎಷ್ಟು ಮಂದಿ ದುಡಿಯುತ್ತಿದ್ದರು? ಅವನ ಹೆಸರು ಇಎಸ್‌ಐಯಲ್ಲಿ ಇತ್ತೇ?

ಈ ಪ್ರಶ್ನೆಯನ್ನು ಕೇಳಿದರೆ ಬರುವ ಉತ್ತರಗಳು ಸಾಮಾನ್ಯವಾಗಿ ಮೂರು ಬಗೆಯವು. ಒಂದು, 'ಸಂಬಳದಲ್ಲಿ ಏನೋ ಕಡಿತ ಮಾಡುತ್ತಾರೆ, ಅದು ಯಾವುದಕ್ಕೆಂದು ಗೊತ್ತಿಲ್ಲ.' ಎರಡು, 'ಧಣಿಗಳು ಅದನ್ನೆಲ್ಲ ಮಾಡಿಸಿಲ್ಲ.' ಮೂರು, 'ಕಾರ್ಡ್ ಇದೆ, ಆದರೆ ಆ ಆಸ್ಪತ್ರೆಗೆ ಯಾರು ಹೋಗುತ್ತಾರೆ?' ಮೊದಲನೆಯದು ಅಜ್ಞಾನದ ಉತ್ತರ, ಎರಡನೆಯದು ಅನ್ಯಾಯದ ಉತ್ತರ, ಮೂರನೆಯದು ನಿರಾಶೆಯ ಉತ್ತರ. ಈ ಮೂರರ ಕುರಿತೂ ಇಂದು ಮಾತನಾಡಲಿದ್ದೇವೆ.

ಮೊದಲು ಇತಿಹಾಸವನ್ನು ತುಸು ನೋಡೋಣ. ಸ್ವಾತಂತ್ರ್ಯಕ್ಕೆ ಮುನ್ನ, 1943ರಲ್ಲಿ, ಕಾರ್ಮಿಕರಿಗೆ ಆರೋಗ್ಯ ವಿಮೆಯ ಯೋಜನೆಯೊಂದನ್ನು ರೂಪಿಸುವ ಹೊಣೆಯನ್ನು ಪ್ರೊ. ಬಿ.ಪಿ. ಅಡಾರ್ಕರ್ ಅವರಿಗೆ ವಹಿಸಲಾಯಿತು. 1944ರಲ್ಲಿ ಅವರು ವರದಿ ಕೊಟ್ಟರು. ಅದರ ತಳಹದಿಯ ಮೇಲೆ 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ ಬಂತು. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಈ ಯೋಜನೆಯನ್ನು ಉದ್ಘಾಟಿಸಿದರು. ನಾವು ಇಎಸ್‌ಐ ಎನ್ನುವುದು ಇದನ್ನೇ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದ ಬಳಿಕ ಹಳೆಯ ಕಾಯ್ದೆಯ ವಿಷಯಗಳು ಆ ಸಂಹಿತೆಯ ಒಂದು ಅಧ್ಯಾಯವಾಗಿವೆ. ಕಾನೂನಿನ ಹೆಸರು ಬದಲಾಗಿದೆ; ಕಾರ್ಮಿಕನ ಹಕ್ಕು ಉಳಿದಿದೆ.

ಇದರ ವ್ಯವಸ್ಥೆ ಸರಳವಾಗಿದೆ. 10 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಾರ್ಖಾನೆ, ಅಂಗಡಿ, ಹೋಟೆಲ್, ಸಾರಿಗೆ ಸಂಸ್ಥೆ ಮೊದಲಾದವು ಇದರ ವ್ಯಾಪ್ತಿಗೆ ಬರುತ್ತವೆ. ಅನೇಕ ರಾಜ್ಯಗಳಲ್ಲಿ ಖಾಸಗಿ ಶಾಲೆ, ಆಸ್ಪತ್ರೆಗಳೂ ಬಂದಿವೆ. ಸಂಬಳದ ಮಿತಿಯನ್ನು 2017ರ ಜನವರಿಯಲ್ಲಿ ತಿಂಗಳಿಗೆ 15 ಸಾವಿರದಿಂದ 21 ಸಾವಿರ ರೂಪಾಯಿಗೆ ಏರಿಸಲಾಯಿತು. ಅಂಗವಿಕಲರಿಗೆ ಅದು 25 ಸಾವಿರ. 2019ರ ಜುಲೈಯಲ್ಲಿ ನಿಗದಿಯಾದ ದರದಂತೆ ಕಾರ್ಮಿಕನ ಪಾಲು ಸಂಬಳದ ಶೇ. 0.75, ಮಾಲಕನ ಪಾಲು ಶೇ. 3.25. ಅಂದರೆ 15 ಸಾವಿರ ಸಂಬಳದ ಕಾರ್ಮಿಕನಿಂದ ತಿಂಗಳಿಗೆ 113 ರೂಪಾಯಿ ಕಡಿತವಾಗುತ್ತದೆ. ಮಾಲಕನು ತನ್ನ ಕಿಸೆಯಿಂದ 488 ರೂಪಾಯಿ ಸೇರಿಸಿ ಕಟ್ಟಬೇಕು. ಮಾಲಕನ ಪಾಲನ್ನೂ ಕಾರ್ಮಿಕನ ಕೂಲಿಯಿಂದಲೇ ಮುರಿದುಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ.

ಆ 113 ರೂಪಾಯಿಗೆ ಬದಲಾಗಿ ದೊರೆಯುವುದೇನು? ಕೆಲಸಕ್ಕೆ ಸೇರಿದ ದಿನದಿಂದಲೇ ಕಾರ್ಮಿಕನಿಗೂ ಅವನ ಕುಟುಂಬಕ್ಕೂ ಚಿಕಿತ್ಸೆಯ ಹಕ್ಕು ದೊರೆಯುತ್ತದೆ. ಖಾಸಗಿ ಪಾಲಿಸಿಗಳಲ್ಲಿರುವಂತೆ ವರ್ಷಕ್ಕೆ ಇಂತಿಷ್ಟು ಲಕ್ಷ ಎಂಬ ಗರಿಷ್ಠ ಮಿತಿ ಇಲ್ಲಿಲ್ಲ. ಮೊದಲೇ ಮಧುಮೇಹವಿತ್ತು, ಹೃದ್ರೋಗವಿತ್ತು ಎಂದು ಹೇಳಿ ಹೊರಗಿಡುವಂತಿಲ್ಲ. ಕೆಲವು ದುಬಾರಿ ವಿಶೇಷ ಚಿಕಿತ್ಸೆಗಳಿಗೆ ಮಾತ್ರ ಇಷ್ಟು ತಿಂಗಳ ಸೇವೆಯಾಗಿರಬೇಕೆಂಬ ಷರತ್ತಿದೆ. ಪತಿ ಅಥವಾ ಪತ್ನಿ, ಅವಲಂಬಿತ ಮಕ್ಕಳು, ಆದಾಯ ನಿಗದಿತ ಮಿತಿಯೊಳಗಿರುವ ಅವಲಂಬಿತ ತಂದೆತಾಯಿ - ಇವರೆಲ್ಲರೂ ಕುಟುಂಬದ ವ್ಯಾಖ್ಯೆಯಲ್ಲಿ ಸೇರುತ್ತಾರೆ.

ಚಿಕಿತ್ಸೆ ಒಂದು ಭಾಗ ಮಾತ್ರ. ಬಡವನ ಮನೆಗೆ ಕಾಯಿಲೆ ಬಂದಾಗ ಆಸ್ಪತ್ರೆಯ ಬಿಲ್ಲಿನಷ್ಟೇ ಘೋರವಾದ ಇನ್ನೊಂದು ಸಂಕಟವಿದೆ, ಕೂಲಿ ನಿಂತುಹೋಗುತ್ತದೆ. ಮನೆ ಬಾಡಿಗೆ ನಿಲ್ಲುವುದಿಲ್ಲ, ಮಕ್ಕಳ ಫೀಸು ನಿಲ್ಲುವುದಿಲ್ಲ, ಅಕ್ಕಿ ಅಂಗಡಿಯ ಲೆಕ್ಕ ನಿಲ್ಲುವುದಿಲ್ಲ. ಆಗಲೇ ಮನೆಯಾಕೆಯ ಚಿನ್ನ ಅಡವಿಗೆ ಹೋಗುವುದು, ಬಡ್ಡಿಯ ಸಾಲ ಹೊಸ್ತಿಲು ದಾಟಿ ಒಳಬರುವುದು. ಇಎಸ್‌ಐಯ ಮಹತ್ವ ಇಲ್ಲಿದೆ. ಕಾಯಿಲೆ ಬಿದ್ದು ಕೆಲಸಕ್ಕೆ ಹೋಗಲಾಗದ ಕಾರ್ಮಿಕನಿಗೆ ವರ್ಷಕ್ಕೆ 91 ದಿನಗಳ ವರೆಗೆ ಕೂಲಿಯ ಶೇ. 70 ನಗದಾಗಿ ದೊರೆಯುತ್ತದೆ. ದಿನಕ್ಕೆ 500 ರೂಪಾಯಿ ಕೂಲಿಯಿದ್ದರೆ 350 ರೂಪಾಯಿ. 91 ದಿನಗಳಿಗೆ 31,850 ರೂಪಾಯಿ. ಕ್ಷಯ, ಕ್ಯಾನ್ಸರ್‌ನಂತಹ 34 ದೀರ್ಘಕಾಲದ ರೋಗಗಳಿಗೆ, ಎರಡು ವರ್ಷ ನಿರಂತರ ಸೇವೆಯಲ್ಲಿದ್ದು ಸಾಕಷ್ಟು ವಂತಿಗೆ ಕಟ್ಟಿದ್ದರೆ, ಶೇ. 80ರ ದರದಲ್ಲಿ ಎರಡು ವರ್ಷಗಳ ವರೆಗೂ ನೆರವು ಮುಂದುವರಿಯುತ್ತದೆ.

ದುಡಿಯುವ ಸಹೋದರಿಯರು ವಿಶೇಷವಾಗಿ ಕೇಳಬೇಕು. ಬೆಂಗಳೂರು, ರಾಮನಗರ, ಮಂಡ್ಯ ಭಾಗದ ಗಾರ್ಮೆಂಟ್ಸ್‌ಗಳಲ್ಲಿ ನಮ್ಮ ಎಷ್ಟೋ ಸಹೋದರಿಯರು ಹೊಲಿಗೆ ಯಂತ್ರದ ಮುಂದೆ ದಿನ ಕಳೆಯುತ್ತಾರೆ. ಗರ್ಭಿಣಿಯಾದೊಡನೆ ಕೆಲಸ ಬಿಟ್ಟು ಮನೆಗೆ ಮರಳುವವರೂ ಇದ್ದಾರೆ. ಹೆರಿಗೆ ಸೌಲಭ್ಯ ತಮ್ಮ ಹಕ್ಕೆಂಬುದು ಅವರಿಗೆ ತಿಳಿದಿರುವುದಿಲ್ಲ. ಮೊದಲ ಎರಡು ಹೆರಿಗೆಗಳಿಗೆ 26 ವಾರಗಳು, ಅನಂತರದ್ದಕ್ಕೆ 12 ವಾರಗಳು, ಗರ್ಭಪಾತವಾದರೆ 6 ವಾರಗಳ ಕಾಲ ಪೂರ್ಣ ಕೂಲಿ ದೊರೆಯುತ್ತದೆ. ಹಿಂದಿನ ಒಂದು ವರ್ಷದ ಎರಡು ವಂತಿಗೆ ಅವಧಿಗಳಲ್ಲಿ 70 ದಿನಗಳ ವಂತಿಗೆ ಸಂದಿರಬೇಕು, ಅಷ್ಟೇ. ದಿನಕ್ಕೆ 500 ರೂಪಾಯಿ ಕೂಲಿಯವಳಿಗೆ 26 ವಾರಗಳೆಂದರೆ 91 ಸಾವಿರ ರೂಪಾಯಿ. ತಿಳಿವಳಿಕೆ ಇಲ್ಲದೆ ಒಂದು ರಾಜೀನಾಮೆ ಪತ್ರಕ್ಕೆ ಸಹಿ ಹಾಕಿ ಈ ಹಕ್ಕನ್ನು ಕಳೆದುಕೊಳ್ಳುವುದು ಎಂತಹ ನಷ್ಟವೆಂದು ಯೋಚಿಸಿರಿ.

ಕೆಲಸದ ವೇಳೆ ಅಪಘಾತವಾದರೆ ನಿಯಮ ಇನ್ನಷ್ಟು ಉದಾರವಾಗಿದೆ. ಮರದ ಮಿಲ್ಲಿನಲ್ಲಿ ಬೆರಳು ತುಂಡಾಗಲಿ, ವರ್ಕ್‌ಶಾಪಿನಲ್ಲಿ ಕಾಲಿನ ಮೇಲೆ ಕಬ್ಬಿಣ ಬೀಳಲಿ, ಗುಣವಾಗುವ ತನಕ ಕೂಲಿಯ ಶೇ. 90 ದೊರೆಯುತ್ತದೆ. ಇದಕ್ಕೆ ಇಷ್ಟು ದಿನ ದುಡಿದಿರಬೇಕೆಂಬ ಷರತ್ತಿಲ್ಲ. ಶಾಶ್ವತ ಊನವಾದರೆ, ದುಡಿಯುವ ಶಕ್ತಿ ಎಷ್ಟು ಕುಂದಿತೆಂಬುದನ್ನು ನೋಡಿ ಮಾಸಿಕ ಹಣ ನಿಗದಿಯಾಗುತ್ತದೆ. ಕಾರ್ಮಿಕ ಮೃತಪಟ್ಟರೆ ಅವನ ಕೂಲಿಯ ಶೇ. 90ನ್ನು ವಿಧವೆ ಮತ್ತು ಮಕ್ಕಳಿಗೆ ಪಾಲಾಗಿ ತಿಂಗಳು ತಿಂಗಳೂ ಕೊಡಲಾಗುತ್ತದೆ. ಮನೆಯಿಂದ ಕೆಲಸಕ್ಕೆ ಹೋಗುವ, ಅಲ್ಲಿಂದ ಮರಳುವ ದಾರಿಯಲ್ಲಿ ಆಗುವ ಅಪಘಾತವನ್ನೂ, ಅದಕ್ಕೂ ಕೆಲಸಕ್ಕೂ ಸಂಬಂಧ ಸ್ಥಾಪಿತವಾದಲ್ಲಿ, ಕೆಲಸದ ಅಪಘಾತವೆಂದೇ ಪರಿಗಣಿಸಬೇಕೆಂದು 2010ರ ತಿದ್ದುಪಡಿಯಲ್ಲಿ ಹೇಳಲಾಯಿತು. ಬೈಕಿನಲ್ಲಿ ಕೆಲಸಕ್ಕೆ ಹೋಗುವಾಗ ಮಗನನ್ನು ಕಳೆದುಕೊಂಡ ಎಷ್ಟು ಮನೆಗಳಿಗೆ ಈ ವಿಷಯ ಗೊತ್ತಿದೆ?

ಈಗ ಮೊದಲ ಉತ್ತರಕ್ಕೆ, ಅಂದರೆ ಅಜ್ಞಾನಕ್ಕೆ, ಪರಿಹಾರವನ್ನು ನೋಡೋಣ. ಪ್ರತಿಯೊಬ್ಬ ಕಾರ್ಮಿಕನೂ ತನ್ನ ಸಂಬಳದ ಚೀಟಿಯನ್ನು ಓದಬೇಕು. ಓದಲು ಬಾರದವರು ಕಲಿತ ಮಕ್ಕಳಿಂದ ಓದಿಸಬೇಕು. ಇಎಸ್‌ಐ ಎಂದು ಕಡಿತವಿದ್ದರೆ ವಿಮಾ ಸಂಖ್ಯೆಯನ್ನು ಕೇಳಿ ಪಡೆಯಬೇಕು. ಆ ಸಂಖ್ಯೆ ಜೀವನಪರ್ಯಂತದ್ದು; ಕೆಲಸ ಬದಲಾಯಿಸಿದಾಗ ಹೊಸ ಸಂಖ್ಯೆ ಮಾಡಿಸದೆ ಹಳೆಯದನ್ನೇ ಕೊಡಬೇಕು, ಇಲ್ಲದಿದ್ದರೆ ಹಿಂದಿನ ಸೇವೆಯ ಲೆಕ್ಕ ತಪ್ಪುತ್ತದೆ. ಪತ್ನಿ, ಮಕ್ಕಳು, ತಂದೆತಾಯಿಯ ಹೆಸರುಗಳನ್ನು ಸೇರಿಸಿದ್ದಾರೆಯೇ ಎಂದು ನೋಡಬೇಕು. ಮದುವೆಯಾದಾಗ ಪತ್ನಿಯ ಹೆಸರನ್ನೂ ಮಗು ಹುಟ್ಟಿದಾಗ ಮಗುವಿನ ಹೆಸರನ್ನೂ ಸೇರಿಸಬೇಕು. ನಮ್ಮಲ್ಲಿ ಆಧಾರ್‌ನಲ್ಲಿ ಒಂದು ಹೆಸರು, ರೇಶನ್ ಕಾರ್ಡಿನಲ್ಲಿ ಇನ್ನೊಂದು, ನಿಕಾಹ್ ದಾಖಲೆಯಲ್ಲಿ ಮತ್ತೊಂದು ಇರುವುದು ಸಾಮಾನ್ಯ. ಒಂದು ಕಡೆ ಮುಹಮ್ಮದ್, ಇನ್ನೊಂದು ಕಡೆ ಮೊಹಮ್ಮದ್, ಮಗದೊಂದು ಕಡೆ ಬರಿಯ ಎಂ.ಡಿ. ಆರೋಗ್ಯವಾಗಿರುವಾಗಲೇ ಇದನ್ನು ಸರಿಪಡಿಸಿಕೊಳ್ಳಬೇಕು. ಐಸಿಯು ಬಾಗಿಲಲ್ಲಿ ನಿಂತು ಅಕ್ಷರ ತಿದ್ದಲು ಸಮಯ ಸಿಗದು.

ಇನ್ನೊಂದು ಲೆಕ್ಕವನ್ನೂ ತಿಳಿದಿರಬೇಕು. ಎಪ್ರಿಲ್ 1ರಿಂದ ಸೆಪ್ಟೆಂಬರ್ 30, ಅಕ್ಟೋಬರ್ 1ರಿಂದ ಮಾರ್ಚ್ 31 - ಇವು ಎರಡು ವಂತಿಗೆ ಅವಧಿಗಳು. ಮೊದಲ ಅವಧಿಯಲ್ಲಿ ಕಟ್ಟಿದ ವಂತಿಗೆಯ ಮೇಲೆ ಮುಂದಿನ ಜನವರಿಯಿಂದ ಜೂನ್ ವರೆಗೂ, ಎರಡನೆಯದರ ಮೇಲೆ ಜುಲೈಯಿಂದ ಡಿಸೆಂಬರ್ ವರೆಗೂ ಕಾಯಿಲೆಯ ನಗದು ನೆರವು ದೊರೆಯುತ್ತದೆ. ಇದಕ್ಕೆ ಆ ಅವಧಿಯಲ್ಲಿ 78 ದಿನಗಳ ವಂತಿಗೆ ಬೇಕು. ಕಾಯಿಲೆಯ ರಜೆಗೆ ಇಎಸ್‌ಐ ವೈದ್ಯರ ಪ್ರಮಾಣಪತ್ರವನ್ನು ಕಾಲಕಾಲಕ್ಕೆ ಪಡೆದು ಶಾಖಾ ಕಚೇರಿಗೆ ಕೊಡಬೇಕು. ಅಪಘಾತವಾದರೆ ಅಂದೇ ಮಾಲಕನಿಗೆ ತಿಳಿಸಿ, ಅಪಘಾತದ ಪುಸ್ತಕದಲ್ಲಿ ದಾಖಲಿಸಿ, ವರದಿ ಕಳುಹಿಸುವಂತೆ ಮಾಡಬೇಕು. 'ಆಸ್ಪತ್ರೆಯ ಖರ್ಚು ನಾನು ನೋಡಿಕೊಳ್ಳುತ್ತೇನೆ, ವರದಿ ಗಿರದಿ ಬೇಡ' ಎಂದು ಧಣಿ ಬೆನ್ನು ತಟ್ಟಿದರೆ ಕರಗಬೇಡಿರಿ. ಬೆರಳಿಗೆ ಕಟ್ಟಿದ ಬ್ಯಾಂಡೇಜಿನ ಖರ್ಚನ್ನು ಅವರು ಕೊಟ್ಟಾರು. ಆ ಬೆರಳಿಲ್ಲದೆ ಕಳೆಯಬೇಕಾದ ಮೂವತ್ತು ವರ್ಷಗಳ ಮಾಸಿಕ ಹಣವನ್ನು ಯಾರು ಕೊಡುತ್ತಾರೆ?

ಎರಡನೆಯ ಉತ್ತರ ನಮ್ಮ ಆತ್ಮಾವಲೋಕನಕ್ಕೆ ಸಂಬಂಧಿಸಿದ್ದು. ಈ ಸಭೆಯಲ್ಲಿ ಅಂಗಡಿ, ಬೇಕರಿ, ಹೋಟೆಲ್, ಗ್ಯಾರೇಜ್, ಪ್ಲೈವುಡ್ ವ್ಯಾಪಾರ ನಡೆಸುವ ಸಹೋದರರೂ ಇದ್ದಾರೆ. ಅವರಲ್ಲಿ ಗೌರವದಿಂದ ಒಂದು ಮಾತು ಕೇಳುತ್ತೇವೆ. ಹದಿನಾಲ್ಕು ಮಂದಿ ದುಡಿಯುವಲ್ಲಿ ರಿಜಿಸ್ಟರಿನಲ್ಲಿ ಒಂಬತ್ತೇ ಹೆಸರು ಇರುವುದೇಕೆ? ಒಂದೇ ಹೋಟೆಲನ್ನು ಅಣ್ಣ, ತಮ್ಮ, ಭಾವನ ಹೆಸರಿನಲ್ಲಿ ಮೂರು ಸಂಸ್ಥೆಗಳಾಗಿ ತೋರಿಸುವುದೇಕೆ? ರಮಝಾನಿನಲ್ಲಿ ಸಾವಿರಾರು ರೂಪಾಯಿಗಳ ಕಿಟ್ ಹಂಚುವ ಕೈ, ತನ್ನದೇ ಕೆಲಸದವನಿಗಾಗಿ ತಿಂಗಳಿಗೆ 488 ರೂಪಾಯಿ ಕಟ್ಟಲು ಹಿಂದೆ ಸರಿಯುವುದೇಕೆ?

ಕಾರ್ಮಿಕನ ಬೆವರು ಮತ್ತು ಕೂಲಿಯ ಕುರಿತು ಪ್ರವಾದಿವರ್ಯರ(ಸ) ವಚನವನ್ನು ನಾವೆಲ್ಲ ಖುತ್ಬಾಗಳಲ್ಲಿ ಕೇಳಿಕೊಂಡೇ ಬೆಳೆದವರು. ಇಎಸ್‌ಐ ವಂತಿಗೆಯು ಆ ಕೂಲಿಯ ಒಂದು ಭಾಗವೇ ಆಗಿದೆ. ಕಾನೂನು ಅದನ್ನು ಬೇರೆ ಹೆಸರಿನಲ್ಲಿ ಕರೆದಿದೆ, ಅಷ್ಟೇ. ಅದನ್ನು ಕಟ್ಟದೆ ಉಳಿಸಿಕೊಂಡ ಹಣ ಕಾರ್ಮಿಕನಿಗೆ ಸೇರಬೇಕಾದ ಹಣ. ಅದನ್ನು ತಡೆಹಿಡಿದವನು ನಾಳೆ ಆ ಕಾರ್ಮಿಕ ಹಾಸಿಗೆ ಹಿಡಿದಾಗ ಮಸೀದಿಯ ಬಾಗಿಲಲ್ಲಿ ಐದು ಸಾವಿರ ಹಾಕಿದರೆ, ಅದನ್ನು ಸದಕಾ ಎನ್ನಬೇಕೇ, ಸಾಲದ ಒಂದು ಕಂತು ಎನ್ನಬೇಕೇ? ಝಕಾತ್ ಬಡವರ ಹಕ್ಕು. ಮಾಲಕನು ಕಾನೂನುಬದ್ಧವಾಗಿ ಕೊಡಬೇಕಾದುದನ್ನು ಕೊಡದೆ, ಆ ಹೊರೆಯನ್ನು ಸಮುದಾಯದ ಝಕಾತಿನ ಮೇಲೆ ಹೊರಿಸಿದರೆ, ಅದರಿಂದ ನಷ್ಟವಾಗುವುದು ಯಾವ ಸಂಸ್ಥೆಯಲ್ಲೂ ಕೆಲಸವಿಲ್ಲದ ವಿಧವೆಗೆ, ಅನಾಥನಿಗೆ, ತಳ್ಳುಗಾಡಿಯವನಿಗೆ. ಕೂಲಿಯಿಂದ ಮುರಿದುಕೊಂಡ ವಂತಿಗೆಯನ್ನು ನಿಗಮಕ್ಕೆ ಕಟ್ಟದಿರುವುದು ಇನ್ನೂ ಗುರುತರವಾದುದು. ಅದು ಅಮಾನತಿನ ದ್ರೋಹ, ಈ ನೆಲದ ಕಾನೂನಿನಲ್ಲಿ ಕಾರಾಗೃಹ ಶಿಕ್ಷೆಗೆ ಅರ್ಹವಾದ ಅಪರಾಧ.

ಮಾಲಕರಿಗೆ ಇದರಲ್ಲಿ ಲಾಭವೂ ಇದೆ. ವ್ಯಾಪ್ತಿಗೆ ಬಂದ ಸಂಸ್ಥೆಯಲ್ಲಿ ಅಪಘಾತವಾದರೆ ಪರಿಹಾರದ ಭಾರವನ್ನು ನಿಗಮ ಹೊರುತ್ತದೆ. ನೋಂದಣಿ ಮಾಡಿಸದವನು ಆ ಭಾರವನ್ನು ತಾನೇ ಹೊರಬೇಕಾಗುತ್ತದೆ; ಒಂದು ಅಪಘಾತಕ್ಕೆ ಇಡೀ ವ್ಯಾಪಾರ ಮುಳುಗಿಹೋಗಬಹುದು. 2025ರ ಜುಲೈಯಲ್ಲಿ ನಿಗಮವು 'ಸ್ಪ್ರೀ' ಎಂಬ ಯೋಜನೆಯನ್ನು ಆರಂಭಿಸಿ, ನೋಂದಣಿಯಾಗದ ಸಂಸ್ಥೆಗಳು ಹಳೆಯ ಬಾಕಿಯ ಭಯವಿಲ್ಲದೆ ಒಳಬರಲು ಬಾಗಿಲು ತೆರೆಯಿತು. ಅದನ್ನು ಬಳಸಿಕೊಂಡವರು ಜಾಣರು. ಬಳಸಿಕೊಳ್ಳದವರು ಇನ್ನಷ್ಟು ತಡಮಾಡುವುದು ತರವಲ್ಲ.

ಇಲ್ಲಿ ಕೆಲವು ಸಹೋದರರ ಮನಸ್ಸಿನಲ್ಲಿರುವ ಒಂದು ಪ್ರಶ್ನೆಯನ್ನು ಬದಿಗಿಡುವಂತಿಲ್ಲ. ವಿಮೆ ಎಂದೊಡನೆ ಬಡ್ಡಿ ಮತ್ತು ಅನಿಶ್ಚಿತ ವ್ಯವಹಾರದ ಭಯ ಅವರನ್ನು ಕಾಡುತ್ತದೆ. ಆ ಎಚ್ಚರವನ್ನು ನಾವು ಗೌರವಿಸುತ್ತೇವೆ. 1985ರಲ್ಲಿ ಜಿದ್ದಾದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ವಾಣಿಜ್ಯ ವಿಮೆಯನ್ನು ಅಸಮ್ಮತವೆಂದೂ ಪರಸ್ಪರ ಸಹಕಾರದ ತತ್ವದ ವಿಮೆಯನ್ನು ಸಮ್ಮತವೆಂದೂ ನಿರ್ಣಯಿಸಿತು. ಅದಕ್ಕೂ ಮುನ್ನ 1979ರಲ್ಲಿ ಸುಡಾನಿನಲ್ಲಿ ತಕಾಫುಲ್ ಮಾದರಿಯ ಕಂಪೆನಿ ಆರಂಭವಾಗಿತ್ತು. ಫತ್ವಾ ಕೊಡುವ ಸ್ಥಾನದಲ್ಲಿ ನಾವಿಲ್ಲ; ನಿಮ್ಮ ಉಲಮಾರನ್ನು ಕೇಳಿರಿ. ಆದರೆ ಕೇಳುವಾಗ ವಾಸ್ತವವನ್ನು ಪೂರ್ಣವಾಗಿ ಮುಂದಿಡಿರಿ. ಇದು ಕಾರ್ಮಿಕ ಖರೀದಿಸುವ ಪಾಲಿಸಿ ಅಲ್ಲ, ಕಾನೂನಿನ ಕಡ್ಡಾಯ ವ್ಯವಸ್ಥೆ. ಇದರಲ್ಲಿ ಲಾಭ ಹಂಚಿಕೊಳ್ಳುವ ಷೇರುದಾರರಿಲ್ಲ. ಪ್ರತಿಯೊಬ್ಬನೂ ಕೂಲಿಗೆ ತಕ್ಕಂತೆ ಕೊಡುತ್ತಾನೆ, ರೋಗಕ್ಕೆ ತಕ್ಕಂತೆ ಚಿಕಿತ್ಸೆ ಪಡೆಯುತ್ತಾನೆ. ಒಂಟೆಯನ್ನು ಕಟ್ಟಿಹಾಕಿದ ಮೇಲೆ ಅಲ್ಲಾಹನ ಮೇಲೆ ಭರವಸೆಯಿಡುವ ಪಾಠವನ್ನು ಕಲಿತವರಿಗೆ ಮುನ್ನೆಚ್ಚರಿಕೆಯು ತವಕ್ಕುಲ್‌ಗೆ ವಿರುದ್ಧವೆಂದು ತೋರಲಾರದು.

ಮೂರನೆಯ ಉತ್ತರ ನಿರಾಶೆಯದು. ಆ ನಿರಾಶೆಗೆ ಕಾರಣಗಳಿಲ್ಲವೆಂದು ನಾವು ಹೇಳುವುದಿಲ್ಲ. ಬೆಂಗಳೂರಿನ ರಾಜಾಜಿನಗರದಲ್ಲಿ, ಕಲಬುರಗಿಯಲ್ಲಿ ಇಎಸ್‌ಐ ವೈದ್ಯಕೀಯ ಕಾಲೇಜುಗಳೇ ಇವೆ. ಆದರೆ ಸಣ್ಣ ಪಟ್ಟಣದ ಕಾರ್ಮಿಕನಿಗೆ ದೊರೆಯುವುದು ಒಂದು ಡಿಸ್ಪೆನ್ಸರಿ. ಅಲ್ಲಿ ಉದ್ದನೆಯ ಸಾಲು, ಖಾಲಿ ಬಿದ್ದ ಹುದ್ದೆ, ಸಿಗದ ಔಷಧಿ. ಒಂದು ದಿನದ ಕೂಲಿ ಕಳೆದುಕೊಂಡು ಸಾಲಿನಲ್ಲಿ ನಿಲ್ಲುವುದಕ್ಕಿಂತ ಪಕ್ಕದ ಕ್ಲಿನಿಕ್ಕಿಗೆ ಮುನ್ನೂರು ರೂಪಾಯಿ ಕೊಡುವುದೇ ಲೇಸೆಂದು ಅವನು ತೀರ್ಮಾನಿಸುತ್ತಾನೆ. ನೆಗಡಿ ಜ್ವರಕ್ಕೆ ಅದು ಸರಿಯಿರಬಹುದು. ಆದರೆ ಡಯಾಲಿಸಿಸ್, ಹೃದಯದ ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಬಂದಾಗ ಅದೇ ಡಿಸ್ಪೆನ್ಸರಿಯ ವೈದ್ಯರಿಂದ ಇಎಸ್‌ಐ ಆಸ್ಪತ್ರೆಗೂ, ಅಲ್ಲಿಂದ ಒಪ್ಪಂದವಿರುವ ಖಾಸಗಿ ಆಸ್ಪತ್ರೆಗೂ ಶಿಫಾರಸು ಪತ್ರ ದೊರೆಯುತ್ತದೆ. ಆ ದಾರಿ ತಿಳಿಯದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿದವನು ಲಕ್ಷಗಟ್ಟಲೆ ಸಾಲದೊಂದಿಗೆ ಹೊರಬರುತ್ತಾನೆ. ಜೀವಕ್ಕೆ ಅಪಾಯವಿರುವ ತುರ್ತು ಸಂದರ್ಭದಲ್ಲಿ ಹತ್ತಿರದ ಆಸ್ಪತ್ರೆಗೆ ಸೇರಿಸಿದರೂ ಕೂಡಲೇ ಇಎಸ್‌ಐಗೆ ತಿಳಿಸಿ, ಬಿಲ್ಲು ಮತ್ತು ದಾಖಲೆಗಳನ್ನು ಜೋಪಾನವಾಗಿಟ್ಟರೆ ನಿಗದಿತ ದರದಲ್ಲಿ ವೆಚ್ಚ ಮರಳಿ ಪಡೆಯುವ ಅವಕಾಶವಿದೆ.

ಸೇವೆ ಕೆಟ್ಟಿದ್ದರೆ ಅದನ್ನು ತ್ಯಜಿಸುವುದು ಪರಿಹಾರವಲ್ಲ. ಅದು ನಮ್ಮ ಹಣದಿಂದ ನಡೆಯುವ ಸಂಸ್ಥೆ, ಆದ್ದರಿಂದ ಪ್ರಶ್ನಿಸುವ ಹಕ್ಕು ನಮಗಿದೆ. ಇಲ್ಲಿ ಸರಕಾರವೂ ಉತ್ತರಿಸಬೇಕಾಗಿದೆ. 2019ರಲ್ಲಿ ವಂತಿಗೆಯನ್ನು ಒಟ್ಟು ಶೇ. 6.5ರಿಂದ ಶೇ. 4ಕ್ಕೆ ಇಳಿಸಿದಾಗ ಮಾಲಕರ ಪಾಲು ಶೇ. 4.75ರಿಂದ 3.25ಕ್ಕೆ ಇಳಿಯಿತು. ಉದ್ಯಮಿಗಳ ಭಾರ ಹಗುರವಾಯಿತು. ಡಿಸ್ಪೆನ್ಸರಿಯ ಸಾಲು ಗಿಡ್ಡವಾಯಿತೇ? ಬೆಲೆಯೇರಿಕೆಯೊಂದಿಗೆ ಸಂಬಳದ ಅಂಕಿ ತುಸು ಏರಿದರೆ ಸಾಕು, 21 ಸಾವಿರದ ಗೆರೆ ದಾಟಿದ ಕಾರ್ಮಿಕ ಆ ವಂತಿಗೆ ಅವಧಿ ಮುಗಿದೊಡನೆ ಯೋಜನೆಯ ಹೊರಗೆ ಬೀಳುತ್ತಾನೆ. 2017ರಲ್ಲಿ ಎಳೆದ ಗೆರೆಯನ್ನು ವರ್ಷಗಟ್ಟಲೆ ಅಲ್ಲೇ ಬಿಟ್ಟು ಸಾಮಾಜಿಕ ಭದ್ರತೆಯ ಮಾತಾಡುವುದು ಎಷ್ಟು ನ್ಯಾಯ? ಚುನಾವಣೆ ಬಂದಾಗ ನಮ್ಮ ಮೊಹಲ್ಲಾಗಳಿಗೆ ಬರುವ ಅಭ್ಯರ್ಥಿಗಳಲ್ಲಿ ಸಮುದಾಯ ಭವನಕ್ಕೆ ಹಣ ಕೇಳುವ ನಾವು, ಡಿಸ್ಪೆನ್ಸರಿಗೆ ವೈದ್ಯರನ್ನು ಕೇಳಿದ್ದು ಎಂದಾದರೂ ಉಂಟೇ?

ಇನ್ನು, ಈ ವ್ಯವಸ್ಥೆಯ ಹೊರಗಿರುವವರೇ ನಮ್ಮಲ್ಲಿ ಹೆಚ್ಚು. 2006ರಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿಯು ಮುಸ್ಲಿಮರು ಸ್ವಂತ ಸಣ್ಣ ಉದ್ಯೋಗಗಳಲ್ಲಿ ಹೆಚ್ಚಾಗಿಯೂ ಖಾಯಂ ಸಂಬಳದ ಕೆಲಸಗಳಲ್ಲಿ ಕಡಿಮೆಯಾಗಿಯೂ ಇರುವುದನ್ನು ತೋರಿಸಿಕೊಟ್ಟಿತು. ಆಟೋ ಚಾಲಕ, ಮೀನು ಮಾರುವವ, ಮನೆಯಲ್ಲೇ ಹೊಲಿಯುವ ಸಹೋದರಿ - ಇವರಿಗೆ ಇಎಸ್‌ಐ ಇಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವರೆಗೆ ಚಿಕಿತ್ಸೆಯ ಅವಕಾಶ ಕಲ್ಪಿಸಲಾಯಿತು. ಬೀಡಿ ಕಟ್ಟುವವರಿಗೆ ಕಾರ್ಮಿಕ ಕಲ್ಯಾಣ ಸಂಘಟನೆಯ ಔಷಧಾಲಯಗಳಿವೆ. ಹೆಚ್ಚು ಸಂಬಳದವರಿಗೆ ಕಂಪೆನಿಯ ಗುಂಪು ಮೆಡಿಕ್ಲೇಮ್ ಇದ್ದರೆ ಅದರ ಷರತ್ತುಗಳನ್ನೂ ಓದಬೇಕು: ಕೊಠಡಿ ಬಾಡಿಗೆಯ ಮಿತಿ ಎಷ್ಟು, ತಂದೆತಾಯಿ ಸೇರಿದ್ದಾರೆಯೇ, ಹೆರಿಗೆ ಸೇರಿದೆಯೇ? ಕೆಲಸ ಬಿಟ್ಟ ದಿನ ಆ ರಕ್ಷಣೆಯೂ ಮುಗಿಯುತ್ತದೆ ಎಂಬುದನ್ನು ಮರೆಯಬಾರದು.

ಕೊನೆಯದಾಗಿ ಜಮಾಅತಿನ ಮುಂದೆ ಒಂದು ಸಲಹೆ ಇಡುತ್ತೇವೆ. ಪ್ರತಿ ಮಸೀದಿಯಲ್ಲಿ ಓದಿದ ಯುವಕ ಯುವತಿಯರ ಒಂದು ಪುಟ್ಟ ತಂಡವಿರಲಿ. ತಿಂಗಳಿಗೊಂದು ಆದಿತ್ಯವಾರ ಅಸರ್ ನಮಾಝಿನ ಬಳಿಕ ಅವರು ಕುಳಿತುಕೊಳ್ಳಲಿ. ಮೊಹಲ್ಲಾದ ಪ್ರತಿ ದುಡಿಯುವವರ ಸಂಬಳದ ಚೀಟಿ, ವಿಮಾ ಸಂಖ್ಯೆ, ಕುಟುಂಬದ ಹೆಸರುಗಳನ್ನು ನೋಡಿ ಕೊಡಲಿ. ನಿಗಮದ ಜಾಲತಾಣದಲ್ಲಿ ವಂತಿಗೆ ಜಮೆಯಾಗಿದೆಯೇ ಎಂದು ಪರೀಕ್ಷಿಸಲಿ. ಮಾಲಕ ಕಟ್ಟಿಲ್ಲವೆಂದು ತಿಳಿದರೆ ಮೊದಲು ಹಿರಿಯರು ಅವರೊಂದಿಗೆ ಮಾತನಾಡಲಿ. ಮಾತಿಗೆ ಬಗ್ಗದಿದ್ದರೆ ನಿಗಮದ ಕಚೇರಿಗೆ ದೂರು ಹೋಗಲಿ. ದೂರು ಕೊಟ್ಟವನು ಕೆಲಸ ಕಳೆದುಕೊಳ್ಳುವ ಭಯದಲ್ಲಿ ಒಂಟಿಯಾಗಿ ನಿಲ್ಲದಿರಲಿ, ಜಮಾಅತ್ ಅವನ ಜೊತೆ ನಿಲ್ಲಲಿ. ಮಸೀದಿ, ಮದ್ರಸ, ಶಾಲೆ, ಆಸ್ಪತ್ರೆಗಳ ಆಡಳಿತ ಸಮಿತಿಗಳು ತಮ್ಮ ಸಿಬ್ಬಂದಿಯ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಸರಿಪಡಿಸಿಕೊಳ್ಳಲಿ. ಅನ್ಯರಿಗೆ ಉಪದೇಶಿಸುವ ಸಂಸ್ಥೆಗಳೇ ತಮ್ಮ ಉಸ್ತಾದರನ್ನೂ ಶಿಕ್ಷಕಿಯರನ್ನೂ ಯಾವ ಭದ್ರತೆಯೂ ಇಲ್ಲದೆ ದುಡಿಸುವುದಾದರೆ ನಮ್ಮ ಮಾತಿಗೆ ಬೆಲೆ ಬಾರದು.

ದಾನಕ್ಕೆ ಕೈಚಾಚುವ ಸ್ಥಿತಿ ಯಾವ ಮರ್ಯಾದಸ್ಥನಿಗೂ ಬೇಡ. ತನ್ನ ದುಡಿಮೆಯ ಪಾಲನ್ನು ತಲೆಯೆತ್ತಿ ಪಡೆಯುವ ದಾರಿ ಇರುವಾಗ, ಅವನನ್ನು ಆ ದಾರಿಯಲ್ಲಿ ನಡೆಸುವುದೂ ಸೇವೆಯೇ. ಕಾರ್ಮಿಕನ ಹಕ್ಕನ್ನು ಅರಿಯುವ, ಅರಿತು ಸಲ್ಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಅನುಗ್ರಹಿಸಲಿ. ಆಮೀನ್.